ಇವತ್ತು ನೀರು ಬೇಡ

ಚಳಿಗಾಲದಲ್ಲಿ ಬಾಡಿ ಸತ್ತ ಕುಂಡದ ಗಿಡವನ್ನು ಕಿತ್ತು ತಿಪ್ಪೆಗೆ ಎಸೆಯುವವರು ಅದರ ಬೇರನ್ನು ನೋಡುವುದಿಲ್ಲ. ನೋಡಿದರೆ ಅರ್ಧ ವಾದ ಅಲ್ಲಿಯೇ ಮುಗಿಯುತ್ತಿತ್ತು. ನೀರಿಲ್ಲದೆ ಸತ್ತ ಗಿಡದ ಬೇರು ಒಣ ದಾರದಂತಿರುತ್ತದೆ, ಮುರಿದರೆ ಲಟಕ್ಕೆನ್ನುತ್ತದೆ. ನೀರು ಹೆಚ್ಚಾಗಿ ಸತ್ತ ಗಿಡದ ಬೇರು ಕಂದುಗಪ್ಪಾಗಿ ಮೆತ್ತಗಾಗಿರುತ್ತದೆ. ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಮೋರಿಯ ವಾಸನೆ ಹೊಡೆಯುತ್ತದೆ. ಸಿಂಧನೂರಿನ ನಮ್ಮ ಓಣಿಯಲ್ಲಿ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಹೀಗೆ ಹೊರಗೆ ಬಿದ್ದ ಗಿಡಗಳನ್ನು ನಾನು ಎತ್ತಿ ನೋಡುತ್ತೇನೆ. ಅಕ್ಕಪಕ್ಕದವರು ಇದನ್ನು ಅಕ್ಕೋರ ಹುಚ್ಚು ಎಂದುಕೊಂಡು ಸುಮ್ಮನಿದ್ದಾರೆ. ನಾನು ನೋಡಿದವುಗಳಲ್ಲಿ ಬಹುಪಾಲು ಎರಡನೆಯ ಜಾತಿಯವೇ. ಆ ಗಿಡಗಳನ್ನು ಕೊಂದದ್ದು ಚಳಿಯಲ್ಲ. ಮನೆಯವರು ಕೊಂದಿದ್ದಾರೆ, ಅದೂ ಪ್ರೀತಿಯಿಂದ, ದಿನಾ ಮುಂಜಾನೆ ತಪ್ಪದೆ ಒಂದೊಂದು ತಂಬಿಗೆ ನೀರು ಹಾಕಿ.

ನೀರು ಹಾಕುವುದು ಪುಣ್ಯದ ಕೆಲಸ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಹೆಣ್ಣುಮಕ್ಕಳಿಗಂತೂ ಇನ್ನೂ ಹೆಚ್ಚಾಗಿ. ಬೀಗರಿಗೆ ಮೊದಲು ನೀರು, ದನಕ್ಕೆ ನೀರು, ಕಟ್ಟೆಯ ಗಿಡಕ್ಕೆ ನೀರು. ಕೊಡುವವಳ ಕೈ ಹಿಂದೆ ಸರಿಯಬಾರದು. ಊಟಕ್ಕೆ ಕೂತವರು ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸಿಯೇ ತೀರುವ ಜನ ನಾವು. ಮನುಷ್ಯರಾದರೆ ಬಾಯಿ ಬಿಟ್ಟು ಹೇಳುತ್ತಾರೆ, ಇಲ್ಲವೇ ಎಲೆಯಲ್ಲಿ ಬಿಟ್ಟು ಏಳುತ್ತಾರೆ. ಗಿಡ ಏನು ಮಾಡಬೇಕು? ಅದು ಎಲೆ ಬಾಡಿಸಿ ತೋರಿಸುತ್ತದೆ. ಅಯ್ಯೋ ಬಾಡಿದೆ ಎಂದು ನಾವು ಇನ್ನೊಂದು ತಂಬಿಗೆ ಹಾಕುತ್ತೇವೆ.

ಇದರಲ್ಲಿರುವ ಮೋಸ ತಿಳಿದುಕೊಳ್ಳಬೇಕು. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇರುವ ಜಾಗವನ್ನೆಲ್ಲ ನೀರೇ ತುಂಬಿಕೊಂಡು ದಿನಗಟ್ಟಲೆ ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಬೇರು ನೀರನ್ನು ಮೇಲಕ್ಕೆ ಕಳಿಸಲಾರದು. ಹಾಗಾಗಿ ನೀರಿನಲ್ಲಿ ಮುಳುಗಿ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ತಲೆ ಬಗ್ಗಿಸುತ್ತದೆ. ಎರಡಕ್ಕೂ ಮುಖ ಒಂದೇ, ರೋಗ ಬೇರೆ. ಇನ್ನು ಎಲೆಗಳು ಹಗಲೆಲ್ಲ ಎಷ್ಟು ನೀರನ್ನು ಆವಿಯಾಗಿ ಬಿಡುತ್ತವೋ ಸುಮಾರಾಗಿ ಅಷ್ಟನ್ನೇ ಬೇರು ಹೀರುತ್ತದೆ. ಮೇ ತಿಂಗಳಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟಿ ಸುಡುವಾಗ ಒಂದು ತಂಬಿಗೆ ನೀರು ಸಂಜೆಯೊಳಗೆ ಮಾಯ. ಡಿಸೆಂಬರಿನಲ್ಲಿ ಹಗಲು ಚಿಕ್ಕದು, ಬಿಸಿಲು ಓರೆ, ರಾತ್ರಿ 15 ಡಿಗ್ರಿಗೆ, ಕೆಲವು ದಿನ ಅದಕ್ಕಿಂತ ಕೆಳಗೂ ಇಳಿಯುತ್ತದೆ. ಅದೇ ಕುಂಡ, ಅದೇ ಗಿಡ, ಅದೇ ತಂಬಿಗೆ. ಆದರೆ ನಿನ್ನೆಯ ನೀರೇ ಇನ್ನೂ ತಳದಲ್ಲಿ ಕೂತಿರುತ್ತದೆ. ಕುಂಡದ ಕೆಳಗೆ ಚಂದಕ್ಕೆ ಎಂದು ಪ್ಲಾಸ್ಟಿಕ್ ತಟ್ಟೆ ಇಟ್ಟವರ ಮನೆಯಲ್ಲಂತೂ ಅದು ಹೋಗುವ ದಾರಿಯೇ ಇಲ್ಲ.

ತುಳಸಿಯ ಮಾತು ಬಂದರೆ ಎಲ್ಲರಿಗೂ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಕಾರ್ತಿಕದಲ್ಲಿ ತುಳಸಿ ಲಗ್ನ ಮಾಡುತ್ತೇವೆ, ಸಂಕ್ರಾಂತಿಯ ಹೊತ್ತಿಗೆ ಕಟ್ಟೆ ಬರಿದಾಗಿರುತ್ತದೆ. ಕಣ್ಣು ಬಿತ್ತು, ಮೈಲಿಗೆಯಾಯಿತು, ಸೊಸೆಯ ಕಾಲ್ಗುಣ ಎಂದು ಏನೇನೋ ಕಾರಣ ಹುಡುಕುತ್ತಾರೆ. ತುಳಸಿಗೆ ಚಳಿ ಆಗಿಬರುವುದಿಲ್ಲ, ಹೂಬಿಟ್ಟು ಬೀಜ ಕಟ್ಟಿದ ಮೇಲೆ ಅದರ ಶಕ್ತಿಯೂ ಕುಂದುತ್ತದೆ. ಅಂಥ ಹೊತ್ತಿನಲ್ಲಿ ಮನೆಯ ನಾಲ್ಕು ಜನ ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡಿ ಬಂದು ಒಂದೊಂದು ತಂಬಿಗೆ ಸುರಿದರೆ ಯಾವ ದೇವತೆ ತಾಳಿಕೊಂಡಾಳು? ದೇವರಿಗೆ ತೀರ್ಥ ಕೊಡುವುದು ಉದ್ಧರಣೆಯಲ್ಲಿ, ಬಕೆಟ್ಟಿನಲ್ಲಲ್ಲ. ಚಳಿಗಾಲದ ಮೂರು ತಿಂಗಳು ತುಳಸಿಗೆ ಪೂಜೆಯ ನೀರು ಒಂದು ಉದ್ಧರಣೆ ಸಾಕು; ಮಣ್ಣು ಬೆರಳುದ್ದ ಒಣಗಿದಾಗ ಮಾತ್ರ ಹೊಟ್ಟೆ ತುಂಬ ನೀರು. ಇದರಿಂದ ಯಾವ ಶಾಸ್ತ್ರ ಕೆಡುತ್ತದೆಯೋ ನನಗೆ ಯಾರಾದರೂ ತೋರಿಸಲಿ.

ಮನೆಯ ಕುಂಡದ ನಷ್ಟ ದೊಡ್ಡದಲ್ಲ, ಐವತ್ತು ರೂಪಾಯಿಯ ಗಿಡ. ಅಷ್ಟಕ್ಕೇ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಇದೇ ಅಭ್ಯಾಸ ಹೆಣ್ಣುಮಕ್ಕಳ ಕೂಲಿಯನ್ನು ತಿನ್ನುತ್ತಿರುವುದನ್ನು ಕಂಡ ಮೇಲೆ ಬರೆಯಬೇಕೆನಿಸಿತು.

ನಮ್ಮ ಪಠ್ಯಪುಸ್ತಕದಲ್ಲಿ ಹಸಿರುಮನೆ ಎಂದರೆ ಭೂಮಿ ಬಿಸಿಯಾಗುವ ಪಾಠ. ಮಕ್ಕಳಿಗೆ ಆ ಮನೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಈಗ ಗೊತ್ತು, ಏಕೆಂದರೆ ಅವರ ತಾಯಂದಿರು ಅದರೊಳಗೆ ಕೆಲಸ ಮಾಡುತ್ತಾರೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡದ ಜೊತೆಗೆ ಪಾಲಿಹೌಸಿಗೂ ನೆರಳು ಪರದೆಗೂ ಸಹಾಯಧನ ಸಿಕ್ಕಿತು. ಅದಲ್ಲದೆ ಸಸಿ ಮಾರುವ ನರ್ಸರಿಗಳೂ ಅಲ್ಲಲ್ಲಿ ತಲೆಯೆತ್ತಿದವು. ಚಳಿ ದೇಶಗಳಲ್ಲಿ ಗಾಜಿನ ಮನೆ ಕಟ್ಟಿದ್ದು ಬಿಸಿಲನ್ನು ಒಳಗೆ ಹಿಡಿದಿಡಲು. ನಮ್ಮಲ್ಲಿ ಹಸಿರು ಪರದೆ ಕಟ್ಟಿದ್ದು ಬಿಸಿಲನ್ನು ಹೊರಗೆ ಇಡಲು. ಡಿಸೆಂಬರ್ ಬಂತೆಂದರೆ ಅದರೊಳಗೆ ಟೊಮೆಟೊ, ಬದನೆ, ಕಲ್ಲಂಗಡಿ ಸಸಿಗಳ ಟ್ರೇಗಳು ಸಾಲುಸಾಲು. ಒಂದು ಟ್ರೇಗೆ 98 ಗುಳಿ, ಗುಳಿಗೊಂದು ಬೀಜ. ತುಂಬುವುದು ಮಣ್ಣಲ್ಲ, ತೆಂಗಿನ ನಾರಿನ ಪುಡಿ. ಬೀಜ ಊರುವವರು, ಟ್ರೇ ಹೊರುವವರು, ನೀರು ಹನಿಸುವವರು ಬಹುತೇಕ ಹೆಂಗಸರೇ.

ನಾನು ಪಾಠ ಮಾಡುವುದು ಮಸ್ಕಿ ತಾಲ್ಲೂಕಿನ ಶಾಲೆಯಲ್ಲಿ. ಎಂಟನೆಯ ತರಗತಿಯ ಒಬ್ಬ ಹುಡುಗಿಯ ತಾಯಿ ಇಂಥ ಒಂದು ನರ್ಸರಿಗೆ ಹೋಗುತ್ತಿದ್ದರು. ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲವೆಂದು ವಿಚಾರಿಸಲು ಹೋದಾಗ ಆ ತಾಯಿ ಹೇಳಿದ್ದು ಇದು. ಮುಂಜಾನೆ ಏಳಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ನೀರು ಬಿಡಬೇಕು ಎಂದು ಮಾಲೀಕರ ಅಪ್ಪಣೆ. ಬೇಸಿಗೆಯಲ್ಲೂ ಅದೇ, ಚಳಿಗಾಲದಲ್ಲೂ ಅದೇ. ಚಳಿ ಜಾಸ್ತಿಯಾಯಿತೆಂದು ಸುತ್ತಲೂ ಪ್ಲಾಸ್ಟಿಕ್ ಇಳಿಬಿಟ್ಟಿದ್ದರು. ಒಳಗೆ ಮುಂಜಾನೆ ಹೋದರೆ ತಲೆಯ ಮೇಲೆ ಹನಿ ಬೀಳುತ್ತಿತ್ತಂತೆ.

"ಟ್ರೇ ಎತ್ತಿದ್ರ ಭಾರದ ಮ್ಯಾಲೆ ಗೊತ್ತಾಗ್ತೈತ್ರಿ ಅಕ್ಕೋರೆ. ಮ್ಯಾಲೆ ಒಣಗಿದಂಗ ಕಾಣತೈತಿ, ಒಳಗ ಹಿಂಡಿದ್ರ ನೀರು ಬರತೈತಿ. ಇವತ್ತು ಬ್ಯಾಡ್ರಿ ಸಾವ್ಕಾರ್ರೆ ಅಂದೆ. ನಿನಗೇನು ತಿಳೀತೈತಿ, ಹೇಳಿದಷ್ಟು ಮಾಡು ಅಂದ್ರು."

ವಾರದೊಳಗೆ ಟೊಮೆಟೊ ಸಸಿಗಳು ಬುಡದಲ್ಲಿ ನೀರುನೀರಾಗಿ, ದಾರದಷ್ಟು ಸಣ್ಣಗಾಗಿ, ಕತ್ತರಿಸಿದಂತೆ ಮಲಗಿದವು. ಟ್ರೇಗಟ್ಟಲೆ. ಮುಂಗಡ ಕೊಟ್ಟ ರೈತರು ಬಂದು ಜಗಳ ತೆಗೆದರು. ಔಷಧಿ ಅಂಗಡಿಯವನು ಬಂದು ಬಾಟಲಿ ಕೊಟ್ಟುಹೋದ. ಕೊನೆಗೆ ನೀರು ಬಿಟ್ಟವಳು ಯಾರು ಎಂಬ ಪ್ರಶ್ನೆ ಎದ್ದು, ಮೂವರು ಹೆಂಗಸರ ವಾರದ ಕೂಲಿಯಲ್ಲಿ ಅರ್ಧ ಹಿಡಿದರು. ಹುಡುಗಿ ಶಾಲೆಗೆ ಬಾರದಿದ್ದುದು ತಾಯಿಯ ಜೊತೆ ಹತ್ತಿ ಬಿಡಿಸಲು ಹೋಗಿದ್ದರಿಂದ.

ಇದಕ್ಕೆ ಸಸಿ ಕೊಳೆ ರೋಗ ಎನ್ನುತ್ತಾರೆ. ಅದನ್ನು ತರುವ ಶಿಲೀಂಧ್ರ ಎಲ್ಲ ಕಡೆಯೂ ಇರುತ್ತದೆ. ಅದಕ್ಕೆ ಬೇಕಾದದ್ದು ತಂಪು, ತೇವ ಮತ್ತು ಆಡದ ಗಾಳಿ. ಮೂರನ್ನೂ ಒದಗಿಸಿಕೊಟ್ಟವರು ಯಾರು? ಸಂಜೆ ಐದಕ್ಕೆ ನೀರು ಹನಿಸಿದರೆ ಎಲೆಯ ಮೇಲಿನ ನೀರು ಮರುದಿನ ಬಿಸಿಲೇರುವವರೆಗೆ ಆರುವುದಿಲ್ಲ. ಬೆಳಿಗ್ಗೆ ಏಳಕ್ಕೆ ತೊಟ್ಟಿಯ ನೀರು ಮಂಜಿನಂತೆ ಕೊರೆಯುತ್ತದೆ. ಚಳಿಗಾಲದಲ್ಲಿ ನೀರು ಹಾಕುವ ಹೊತ್ತು ಒಂದೇ: ಬಿಸಿಲು ಬಿದ್ದ ಮೇಲೆ, ಒಂಬತ್ತು ಹತ್ತರ ಸುಮಾರು, ಅದೂ ಬೇಕಾದರೆ ಮಾತ್ರ. ಹಗಲು ಪರದೆ ಎತ್ತಿ ಗಾಳಿ ಆಡಿಸಬೇಕು. ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರವನ್ನು ನಾರಿನ ಪುಡಿಗೆ ಮೊದಲೇ ಬೆರೆಸಿದರೆ ಇನ್ನೂ ಒಳ್ಳೆಯದು, ಕೃಷಿ ಇಲಾಖೆಯವರೇ ಹೇಳುತ್ತಾರೆ. ಬಾಟಲಿಯ ಔಷಧಿಯನ್ನೂ ನೀರಿನಲ್ಲೇ ಕಲಸಿ ಸುರಿಯುತ್ತಾರಲ್ಲ, ಅದನ್ನು ಕಂಡರೆ ನನಗೆ ನಗು ಬರುತ್ತದೆ. ನೀರಿನಿಂದ ಬಂದ ರೋಗಕ್ಕೆ ಇನ್ನೊಂದು ಕೊಡ ನೀರು.

ಮುಚ್ಚಿದ ಮನೆಯಲ್ಲಿ ಗಿಡಕ್ಕೆ ಎಷ್ಟು ಕಡಿಮೆ ನೀರು ಸಾಕು ಎಂಬುದಕ್ಕೆ ಒಂದು ಹಳೆಯ ಕಥೆಯಿದೆ, ಕಟ್ಟುಕಥೆಯಲ್ಲ. 1829ರಲ್ಲಿ ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಒಂದು ಪತಂಗದ ಕೋಶವನ್ನು ಹಸಿ ಮಣ್ಣಿನೊಂದಿಗೆ ಗಾಜಿನ ಶೀಶೆಯಲ್ಲಿಟ್ಟು ಮುಚ್ಚಳ ಹಾಕಿದ್ದರು. ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ಮೊಳೆತವು. ಹಗಲು ಮಣ್ಣಿನ ತೇವ ಆವಿಯಾಗಿ ಗಾಜಿಗೆ ಹತ್ತುತ್ತಿತ್ತು, ರಾತ್ರಿ ಹನಿಯಾಗಿ ಮಣ್ಣಿಗೇ ಇಳಿಯುತ್ತಿತ್ತು. ಒಂದು ತೊಟ್ಟು ನೀರು ಹಾಕದೆ ಆ ಗಿಡಗಳು ಸುಮಾರು ನಾಲ್ಕು ವರ್ಷ ಬದುಕಿದವು. ಮುಂದೆ 1833ರಲ್ಲಿ ಆ ಬಗೆಯ ಗಾಜಿನ ಪೆಟ್ಟಿಗೆಗಳಲ್ಲಿ ಲಂಡನ್ನಿನಿಂದ ಆಸ್ಟ್ರೇಲಿಯಾದ ಸಿಡ್ನಿಗೆ ಹಡಗಿನಲ್ಲಿ ಗಿಡ ಕಳಿಸಿದರು, ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ಜೀವಂತವಾಗಿ ಇಳಿದವು. ನಮ್ಮ ನರ್ಸರಿಯ ಸಾಹುಕಾರರು ಸುತ್ತಲೂ ಪ್ಲಾಸ್ಟಿಕ್ ಇಳಿಬಿಟ್ಟು ಆ ಶೀಶೆಯನ್ನೇ ಕಟ್ಟಿದ್ದಾರೆ. ಕಟ್ಟಿ, ಅದರೊಳಗೆ ದಿನಕ್ಕೆ ಎರಡು ಸಲ ಮಳೆ ಸುರಿಸುತ್ತಾರೆ. ತಲೆಯ ಮೇಲೆ ಬಿದ್ದ ಹನಿಯ ಅರ್ಥ ಆ ಕೂಲಿಯ ಹೆಂಗಸಿಗೆ ಆಗಿತ್ತು, ಅಪ್ಪಣೆ ಕೊಡುವವರಿಗೆ ಆಗಿರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಮಣ್ಣು ಮುಟ್ಟುವ ಕೈ ಒಂದು, ನೀರು ಬಿಡು ಎನ್ನುವ ಬಾಯಿ ಇನ್ನೊಂದು. ಸಸಿ ಉಳಿದರೆ ಬಾಯಿಯ ಜಾಣತನ, ಸತ್ತರೆ ಕೈಯ ತಪ್ಪು. ಟ್ರೇ ಎತ್ತಿ ಭಾರ ನೋಡಿ ಹೇಳುವುದು ಸಣ್ಣ ವಿದ್ಯೆಯೇನಲ್ಲ. ದಿನಕ್ಕೆ ಇನ್ನೂರು ಟ್ರೇ ಎತ್ತಿದವಳ ತೋಳಿನಲ್ಲಿ ತಕ್ಕಡಿ ಇರುತ್ತದೆ. ನಮ್ಮ ಬಿ.ಎ., ಬಿ.ಇಡಿ.ಯಲ್ಲಿ ಅದನ್ನು ಕಲಿಸಿಲ್ಲ, ಸಹಾಯಧನದ ಅರ್ಜಿಯಲ್ಲೂ ಅದಕ್ಕೊಂದು ಕಾಲಂ ಇಲ್ಲ.

ಸಿಂಧನೂರಿನಿಂದ ಮುಂಜಾನೆ ಬಸ್ ಹತ್ತಿ ನಾನು ಮಸ್ಕಿ ಕಡೆ ಹೋಗುತ್ತೇನೆ, ಹಬ್ಬಕ್ಕೆ ಇನ್ನೂ ಮುಂದೆ ಲಿಂಗಸುಗೂರಿಗೆ, ಅದು ನನ್ನ ತವರು ತಾಲ್ಲೂಕು. ಚಳಿಗಾಲದಲ್ಲಿ ಈ ದಾರಿಯ ಕಿಟಕಿಯ ಹತ್ತಿರ ಕೂತರೆ ನೀರಿನ ಪಾಠ ಪೂರ್ತಿ ಕಾಣುತ್ತದೆ. ಸಿಂಧನೂರಿನ ಸುತ್ತ ಕಾಲುವೆಯ ಗದ್ದೆಗಳು, ಕ್ಯಾಂಪುಗಳು, ಎಲ್ಲೆಲ್ಲೂ ನೆಲ್ಲಿನ ಹಸಿರು. ಮಸ್ಕಿ ದಾಟುತ್ತಿದ್ದಂತೆ ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ, ತೊಗರಿ.

ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಮುನಿರಾಬಾದಿನಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ಇದನ್ನು ಯೋಜಿಸಿದವರು ಇಷ್ಟು ನೆಲ್ಲು ಬೆಳೆಯಲಿ ಎಂದು ಯೋಜಿಸಿರಲಿಲ್ಲ. ಬರ ಬಂದಾಗ ಜೋಳ, ಹತ್ತಿ, ಶೇಂಗಾಕ್ಕೆ ಒಂದೆರಡು ಸಲ ನೀರು ಸಿಕ್ಕಿ ಹೆಚ್ಚು ಊರುಗಳ ಬೆಳೆ ಉಳಿಯಲಿ ಎಂಬುದು ಮೂಲದ ಲೆಕ್ಕ. ಆದರೆ ನೀರು ಮೊದಲು ಸಿಕ್ಕವರು ಸಿಕ್ಕಷ್ಟು ನಿಲ್ಲಿಸಿಕೊಂಡರು. ಕಾಲುವೆಯ ಕೊನೆಯ ಮಾನ್ವಿ, ರಾಯಚೂರು ಕಡೆಯವರು ವರ್ಷವರ್ಷವೂ ನೀರು ಬರಲಿಲ್ಲವೆಂದು ರಸ್ತೆಗೆ ಬಂದರು. ಇತ್ತ ನೀರು ನಿಲ್ಲಿಸಿಕೊಂಡವರು ಗೆದ್ದರೇ? ಎರೆ ನೆಲ ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಅಂತರ್ಜಲ ಮೇಲೇರಿತು, ನೆಲದಾಳದ ಉಪ್ಪನ್ನು ಹೊತ್ತು ತಂದಿತು, ನೀರು ಆರಿ ಉಪ್ಪು ಉಳಿಯಿತು. ಸವಳು-ಜವಳು ಎಂಬ ಮಾತು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹಲವು ದಶಕಗಳಿಂದ ಈ ಸವಳು ನೆಲದ ಮೇಲೆಯೇ ಸಂಶೋಧನೆ ನಡೆದಿದೆ. ಮೊದಲು ನೀರು ತರಲು ಕಾಲುವೆ ತೋಡಿದೆವು, ಈಗ ಅದೇ ನೀರನ್ನು ಹೊರಗೆ ಹಾಕಲು ನೆಲದೊಳಗೆ ಕೊಳವೆ ಹೂಳಬೇಕು.

ನಿಮ್ಮ ಮನೆಯ ಮಣ್ಣಿನ ಕುಂಡದ ಅಂಚಿನಲ್ಲಿ ಬಿಳಿ ಪಟ್ಟಿ ಕಂಡಿದೆಯೇ? ಅದೂ ಇದೇ ಕಥೆ. ನಮ್ಮ ಬೋರಿನ ನೀರಿನಲ್ಲಿ ಉಪ್ಪಿದೆ. ದಿನಾ ಸ್ವಲ್ಪಸ್ವಲ್ಪ ಹಾಕಿದರೆ ನೀರು ಆರಿ ಉಪ್ಪು ಕೂತುಕೊಳ್ಳುತ್ತಾ ಹೋಗುತ್ತದೆ. ಆದ್ದರಿಂದಲೇ ಹೇಳುವುದು, ಹಾಕಿದ ದಿನ ತಳದ ತೂತಿನಿಂದ ಹೊರಬರುವಷ್ಟು ಪೂರ್ತಿ ಹಾಕಿ, ತಟ್ಟೆಯ ನೀರು ಚೆಲ್ಲಿ, ಆಮೇಲೆ ಮಣ್ಣು ಕೇಳುವವರೆಗೆ ಮುಟ್ಟಬೇಡಿ. ವಾರವಾಗಲಿ, ಹತ್ತು ದಿನವಾಗಲಿ.

ಇನ್ನು ಮಸ್ಕಿ, ಲಿಂಗಸುಗೂರು ಕಡೆಯ ಎರೆ ಹೊಲ. ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಮೇಲೆ ಮಳೆ ಹೆಚ್ಚುಕಡಿಮೆ ಮುಗಿದಂತೆಯೇ. ಯಾರೂ ನೀರು ಹಾಯಿಸುವುದಿಲ್ಲ. ಆ ಕಪ್ಪು ಮಣ್ಣು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ತೇವ, ಮೇಲಿನಿಂದ ಚಳಿ, ಇಬ್ಬನಿ. ಅಷ್ಟರಲ್ಲೇ ಆಳೆತ್ತರ ಬೆಳೆದು, ತೆನೆ ಹಾಕಿ, ನಮಗೆ ರೊಟ್ಟಿ ಕೊಡುತ್ತದೆ. ನೆಲ ಬಿರುಕು ಬಿಟ್ಟಾಗ ನಮ್ಮವರು ಕೊಡ ಹಿಡಿದು ಓಡುತ್ತಿರಲಿಲ್ಲ, ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಿದ್ದರು. "ಕುಂಟಿ ಹೊಡದ್ರ ಅರ್ಧ ನೀರು ಬಿಟ್ಟಂಗ" ಎನ್ನುತ್ತಿದ್ದಳು ನನ್ನವ್ವ. ಅವಳು ಶಾಲೆ ಕಂಡವಳಲ್ಲ. ಕುಂಡದ ಮೇಲ್ಮಣ್ಣನ್ನು ಹಳೆಯ ಚಮಚೆಯಿಂದ ಕೆದಕಿ ಸಡಿಲ ಮಾಡುವುದೂ ಇದೇ ಕುಂಟೆಯ ಕೆಲಸ. ಬೇರಿಗೆ ಗಾಳಿ ಸಿಗುತ್ತದೆ, ಒಳಗಿನ ತೇವ ಉಳಿಯುತ್ತದೆ.

ಕಡಲೆಯದು ಇನ್ನೂ ಸೊಗಸು. ಚಳಿಗಾಲದ ರಾತ್ರಿ ಕಡಲೆ ಗಿಡದ ಮೇಲೆ ಬಿಳಿಯ ಪಂಚೆ ಹೊದಿಸಿ, ನಸುಕಿನಲ್ಲಿ ಎತ್ತಿ ಹಿಂಡಿದರೆ ಹುಳಿ ನೀರು ಬರುತ್ತಿತ್ತು. ಎಲೆಯ ಸಣ್ಣ ರೋಮಗಳಿಂದ ಒಸರುವ ಆಮ್ಲ ಇಬ್ಬನಿಯಲ್ಲಿ ಬೆರೆತದ್ದು. ಹೊಟ್ಟೆನೋವಿಗೆ ಅದೇ ಮದ್ದು, ಬಾಟಲಿಯಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ಆ ಗಿಡಕ್ಕೆ ಆಸೆಗೆ ಬಿದ್ದು ಮೇಲಿಂದ ಮೇಲೆ ನೀರು ಕೊಟ್ಟು ನೋಡಿ, ಬರೀ ಸೊಪ್ಪು ಬೆಳೆದು ಕಾಯಿ ಕಟ್ಟುವುದನ್ನು ಮರೆಯುತ್ತದೆ. ಲಿಂಗಸುಗೂರಿನ ಕಡೆ ದಾಳಿಂಬೆ ಹಾಕಿದವರನ್ನು ಕೇಳಿ, ಹೂವು ಬರಬೇಕಾದರೆ ತಿಂಗಳುಗಟ್ಟಲೆ ನೀರು ನಿಲ್ಲಿಸಿ ಗಿಡವನ್ನು ಬರಿದು ಮಾಡುತ್ತಾರೆ. ನೀರು ಕೊಡದಿರುವುದಕ್ಕೂ ಒಂದು ಕಸುಬು ಇದೆ.

ಎಳ್ಳ ಅಮಾವಾಸ್ಯೆಗೆ ಈಗಲೂ ನಾವು ತವರಿನ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತೇವೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ. ಚಳಿಗಾಲದ ನಡುಮಧ್ಯೆ ಭೂಮಿತಾಯಿಗೆ ಉಣಬಡಿಸುವ ಹಬ್ಬ ಅದು, ಹೊಲದ ತುಂಬ ಅನ್ನ ಚೆಲ್ಲುತ್ತೇವೆ. ಹೊಲದಲ್ಲೆಲ್ಲ ನೀರು ನಿಲ್ಲಿಸಿ ಬರುವುದಿಲ್ಲ. ಇದನ್ನು ಯಾರೂ ಯೋಚಿಸಿದಂತೆ ಕಾಣಲಿಲ್ಲ, ನನಗಂತೂ ಇದು ದೊಡ್ಡ ಮಾತೆನಿಸುತ್ತದೆ.

ಒಣಬೇಸಾಯವನ್ನು ನಾನು ಹಾಡಿ ಹೊಗಳುತ್ತಿಲ್ಲ. ನೀರಿಲ್ಲದವರಿಗೆ ನೀರು ಬೇಕೇ ಬೇಕು. 2020ರ ನವೆಂಬರಿನಲ್ಲಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಧರಣಿ ಕೂತರು. ಆ ಚಳಿಗಾಲವೆಲ್ಲ ಕೂತರು, ಹೆಣ್ಣುಮಕ್ಕಳೂ ಇದ್ದರು. ಅವರು ಹಕ್ಕಿನ ನೀರು ಕೇಳಿ ಚಳಿಯಲ್ಲಿ ಕೂತಿದ್ದ ಹೊತ್ತಿನಲ್ಲಿಯೇ ಕಾಲುವೆಯ ಮೇಲುಭಾಗದಲ್ಲಿ ಬೇಡದ ನೀರು ಹಳ್ಳಕ್ಕೆ ಹರಿಯುತ್ತದೆ ಎನ್ನುವುದೇ ನನ್ನ ಸಿಟ್ಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಸಿಂಧನೂರಿನಲ್ಲಿ ಒಂದು ವಾರ ಯಾರಿಗೂ ನಿದ್ದೆಯಿರಲಿಲ್ಲ. ನೀರೆಂದರೆ ಏನೆಂದು ಆ ವಾರ ಎಲ್ಲರಿಗೂ ನೆನಪಾಗಿತ್ತು. ತಾತ್ಕಾಲಿಕ ಗೇಟು ಕೂತ ಮೇಲೆ ಮರೆತರು.

ನನ್ನ ಮಾತಿಗೆ ಎದುರು ಹೇಳುವವರಿದ್ದಾರೆ. ಉತ್ತರ ಭಾರತದಲ್ಲಿ ಚಳಿಗೆ ಬೆಳೆ ಸುಡಬಾರದೆಂದು ರೈತರು ನೀರು ಕೊಡುತ್ತಾರಲ್ಲ ಎಂದು ನಮ್ಮ ಶಾಲೆಯ ಗುರುಗಳೊಬ್ಬರು ಕೇಳಿದರು. ಕೊಡುತ್ತಾರೆ, ಅಲ್ಲಿ ಹಿಮ ಬೀಳುವಷ್ಟು ಚಳಿ, ಹಸಿ ನೆಲ ಒಣ ನೆಲಕ್ಕಿಂತ ಶಾಖ ಹಿಡಿಯುತ್ತದೆ. ನಮ್ಮಲ್ಲಿ ಹಿಮವೆಲ್ಲಿದೆ? ನೆಲ್ಲಿನ ಸಸಿಮಡಿಯ ಮಾತೂ ಬೇರೆ. ಚಳಿಗೆ ಮಡಿ ಹಳದಿಯಾದಾಗ ಸಂಜೆ ನೀರು ನಿಲ್ಲಿಸಿ, ಮುಂಜಾನೆ ಆ ತಣ್ಣೀರು ಹೊರಬಿಡುವುದು ತಿಳಿದವರ ಕ್ರಮ. ಅಲ್ಲಿಯೂ ನೋಡಿ, ಹೊರಬಿಡುವುದು ಅರ್ಧ ಕೆಲಸ. ಬಿಸಿಲು ಮಾಳಿಗೆಯ ಮೇಲಿನ ಸಣ್ಣ ಕುಂಡ, ಹೊಸದಾಗಿ ನೆಟ್ಟ ಗಿಡ, ಒಣಗಾಳಿ ಬೀಸುವ ದಿನಗಳು, ಇವಕ್ಕೆಲ್ಲ ಬೇಗ ನೀರು ಬೇಕಾಗಬಹುದು. ಬೇಡವೆಂದವರು ಯಾರು? ಬೆರಳು ಹಾಕಿ ನೋಡಿ ಎಂದಷ್ಟೇ ಹೇಳುತ್ತಿದ್ದೇನೆ. ಎರಡು ಗೆಣ್ಣಿನವರೆಗೆ ಮಣ್ಣು ಒಣಗಿದ್ದರೆ ಹಾಕಿ, ಬೆರಳಿಗೆ ಹಸಿ ಅಂಟಿದರೆ ಬಿಡಿ. ಇಷ್ಟಕ್ಕೆ ಮೊಬೈಲೂ ಬೇಡ, ಗಡಿಯಾರವೂ ಬೇಡ. ಉಗುರಿಗೆ ಮಣ್ಣಾಗುತ್ತದೆ ಎನ್ನುವವರು ಗಿಡ ಸಾಕಬಾರದು.

ಶಾಲೆಯ ಕೈತೋಟಕ್ಕೆ ನೀರು ಹಾಕುವ ಕೆಲಸ ನಮ್ಮಲ್ಲಿ ಹುಡುಗಿಯರದೇ ಆಗಿತ್ತು. ಹುಡುಗರು ಕಬಡ್ಡಿ, ಹುಡುಗಿಯರು ಬಕೆಟ್ಟು. ಬೋರಿನಿಂದ ತೋಟಕ್ಕೆ ನೂರು ಹೆಜ್ಜೆ, ಚಳಿಯಲ್ಲಿ ಲಂಗದ ಅಂಚು ಒದ್ದೆ ಮಾಡಿಕೊಂಡು ಬಂದು ಮೊದಲ ಪಿರಿಯಡ್ಡಿನಲ್ಲಿ ನಡುಗುತ್ತಾ ಕೂರುತ್ತಿದ್ದವು. ನಾನು ಆ ಕೆಲಸ ನಿಲ್ಲಿಸಿ ಒಂದು ನೋಟ್‌ಬುಕ್ ಕೊಟ್ಟೆ. ದಿನಾ ಒಬ್ಬ ಹುಡುಗ, ಒಬ್ಬ ಹುಡುಗಿ ಪ್ರತಿ ಪಾತಿಗೆ ಬೆರಳು ಹಾಕಿ ಬರೆಯಬೇಕು: ಒಣ, ಹಸಿ, ಹಾಕಿದೆ, ಹಾಕಲಿಲ್ಲ. ಡಿಸೆಂಬರ್ ತಿಂಗಳ ಹಾಳೆಗಳಲ್ಲಿ "ಇವತ್ತು ನೀರು ಬೇಡ" ಎನ್ನುವ ಸಾಲೇ ಹೆಚ್ಚು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ಓದಿ, ಮಕ್ಕಳು ಕೆಲಸ ತಪ್ಪಿಸಿಕೊಳ್ಳುತ್ತಿವೆಯಲ್ಲಾ ಮೇಡಂ ಎಂದರು. ತೋಟದ ಬದನೆ, ಮೆಂತ್ಯೆ ನೋಡಿಕೊಂಡು ಬನ್ನಿ ಸರ್ ಎಂದು ಕಳಿಸಿದೆ. ಅವರು ಬಂದು ಆ ಮಾತು ಮತ್ತೆ ತೆಗೆಯಲಿಲ್ಲ.

ನರ್ಸರಿ ಇಟ್ಟವರಲ್ಲಿ ನನ್ನ ಬೇಡಿಕೆ ಎರಡೇ. ಟ್ರೇ ಎತ್ತುವವಳ ಕೈಯಲ್ಲಿ ವಾಲ್ವ್ ಇರಲಿ, ಇವತ್ತು ಬೇಡ ಎನ್ನುವ ಅಧಿಕಾರ ಅವಳಿಗಿರಲಿ. ಅಪ್ಪಣೆಯಂತೆ ನೀರು ಬಿಟ್ಟು ಸಸಿ ಸತ್ತರೆ ಅವಳ ಕೂಲಿ ಹಿಡಿಯಬಾರದು. ಕೂಲಿ ಹಿಡಿದ ಆ ನರ್ಸರಿಗೆ ನಾನೇ ಹೋಗಿ ಕೇಳಿದೆ. ಟೀಚರ್ ಕೆಲಸ ಟೀಚರ್ ಮಾಡಲಿ ಎಂದರು. ಆ ದುಡ್ಡು ಬರಲಿಲ್ಲ. ಈಗ ಆ ತಾಯಿ ಬೇರೊಂದು ನರ್ಸರಿಗೆ ಹೋಗುತ್ತಾರೆ. ಅಲ್ಲಿ ನೀರು ಬಿಡುವುದು, ಬಿಡದಿರುವುದು ಅವರ ಮಾತಿನಂತೆಯೇ ನಡೆಯುತ್ತದಂತೆ, ಕಳೆದ ಚಳಿಗಾಲ ಒಂದು ಟ್ರೇಯೂ ಕೊಳೆಯಲಿಲ್ಲವಂತೆ. ದಿನಗೂಲಿ ಮಾತ್ರ ಮೊದಲಿನದಕ್ಕಿಂತ ಇಪ್ಪತ್ತು ರೂಪಾಯಿ ಕಡಿಮೆ.